ನಡುವಯಸ್ಸಿನ ಗಿಳಿಯೂ ಉದ್ಯೋಗಸ್ಥರ ಮನೆಯೂ

ದೊಡ್ಡ ಜಾತಿಯ ಗಿಳಿಗಳ ಆಯುಷ್ಯವು ಅವುಗಳನ್ನು ಸಾಕಲು ಹೊರಡುವವರು ಸಾಮಾನ್ಯವಾಗಿ ಎಣಿಸಿಕೊಳ್ಳುವುದಕ್ಕಿಂತ ಬಹಳ ದೀರ್ಘವಾದುದು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡುಗಳಿಗೆ ಸೇರಿದ, ಆಫ್ರಿಕನ್ ಗ್ರೇ ಎಂದು ಕರೆಯಲಾಗುವ ಬೂದು ಗಿಳಿಯು ಒಳ್ಳೆಯ ಆರೈಕೆಯಲ್ಲಿ 40ರಿಂದ 60 ವರ್ಷ ಬದುಕಬಲ್ಲದು; ದಕ್ಷಿಣ ಅಮೆರಿಕದ ಉದ್ದಬಾಲದ ಮಕಾವ್‌ಗಳದ್ದೂ, ಆಸ್ಟ್ರೇಲಿಯಾ ಮತ್ತು ಇಂಡೋನೇಷ್ಯಾ ಮೂಲದ, ನೆತ್ತಿಯ ಮೇಲೆ ತುರಾಯಿಯಿರುವ ಕಾಕಟೂಗಳದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಸಿಡ್ನಿಯ ಟರೋಂಗಾ ಮೃಗಾಲಯದಲ್ಲಿ 1933ರಲ್ಲಿ ಹುಟ್ಟಿ, ಮರುವರ್ಷ ಶಿಕಾಗೊ ಸಮೀಪದ ಬ್ರೂಕ್‌ಫೀಲ್ಡ್ ಮೃಗಾಲಯ ಸೇರಿದ ಕುಕಿ ಎಂಬ ಕಾಕಟೂ 2016ರಲ್ಲಿ, ತನ್ನ 83ನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಇಂಥ ಜೀವಿಯೊಂದು ಮೊದಲ ಮನೆಯಲ್ಲಿಯೇ ಕೊನೆಯವರೆಗೆ ಉಳಿಯುವುದು ಅಪರೂಪ. ಸಾಕಿದವರ ಮರಣ, ಹೊರದೇಶದ ನೌಕರಿ, ಮನೆಗೆ ಬಂದ ಮಗು, ನೆರೆಯವರ ದೂರು, ಕಚ್ಚಿದ ಗಾಯ ಮೊದಲಾದ ಕಾರಣಗಳಿಂದ ಅದು ಎರಡನೆಯ, ಮೂರನೆಯ ಮನೆ ಹುಡುಕಬೇಕಾಗುತ್ತದೆ. ಹಾಗೆ ಮನೆ ಕಳೆದುಕೊಂಡ ಹಕ್ಕಿಯನ್ನು, ದಿನದ ಒಂಬತ್ತು ಹತ್ತು ಗಂಟೆ ಹೊರಗೆ ದುಡಿಯುವವರು ದತ್ತು ಪಡೆಯಬಹುದೇ ಎಂಬುದು ಬೆಂಗಳೂರಿನಂಥ ನಗರದಲ್ಲಿ ಹಕ್ಕಿಪ್ರಿಯರು ಗಂಭೀರವಾಗಿ ಯೋಚಿಸಬೇಕಾದ ಪ್ರಶ್ನೆಯಾಗಿದೆ.

ದತ್ತಿನ ಮಾತಿನಲ್ಲಿ ವಯಸ್ಸಾದ ಗಿಳಿ ಎಂದರೆ ಮುಪ್ಪಡರಿದ ಹಕ್ಕಿಯೆಂದೇ ಅರ್ಥವಲ್ಲ. ಹತ್ತು, ಹದಿನೈದು, ಇಪ್ಪತ್ತೈದು ವರ್ಷ ದಾಟಿದ, ಇನ್ನೂ ಅಷ್ಟೇ ಕಾಲ ಬದುಕಬಹುದಾದ ಪ್ರೌಢ ಹಕ್ಕಿಯನ್ನು ಹಾಗೆ ಕರೆಯುವುದುಂಟು. ಇದರ ವಯಸ್ಸನ್ನು ಕಣ್ಣಂದಾಜಿನಿಂದ ಹೇಳುವುದು ಕಷ್ಟ. ಬೂದು ಗಿಳಿಯ ಮರಿಯಲ್ಲಿ ಕಡುಬೂದಾಗಿರುವ ಕಣ್ಣಿನ ಪಾಪೆಯ ಸುತ್ತಲಿನ ವಲಯವು ಒಂದೆರಡು ವರ್ಷಗಳಲ್ಲಿ ತಿಳಿಹಳದಿಗೆ ತಿರುಗುತ್ತದೆಯಾದರೂ, ಆ ಬಳಿಕ ಎಂಟು ವರ್ಷದ ಹಕ್ಕಿಗೂ ಇಪ್ಪತ್ತೆಂಟು ವರ್ಷದ ಹಕ್ಕಿಗೂ ಹೊರನೋಟಕ್ಕೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಮರಿಯಾಗಿದ್ದಾಗ ಕಾಲಿಗೆ ತೊಡಿಸಿದ, ಹುಟ್ಟಿದ ವರ್ಷ ಕೆತ್ತಿರುವ ಮುಚ್ಚಿದ ಉಂಗುರವೋ ಹಳೆಯ ಚಿಕಿತ್ಸಾ ದಾಖಲೆಯೋ ಇದ್ದರೆ ಮಾತ್ರ ವಯಸ್ಸನ್ನು ನಂಬಬಹುದು.

ಪ್ರೌಢ ಹಕ್ಕಿಯ ಪರವಾಗಿ ಹೇಳಬೇಕಾದ ಒಂದು ಮುಖ್ಯ ಸಂಗತಿಯಿದೆ. ಕೈತುತ್ತು ಕೊಟ್ಟು ಬೆಳೆಸಿದ ಮರಿಗಳು ಎಲ್ಲರ ತೋಳಿನ ಮೇಲೂ ಕೂರುತ್ತವೆ, ಯಾರು ಮುಟ್ಟಿದರೂ ಒಪ್ಪುತ್ತವೆ. ಆದರೆ ಜಾತಿಗನುಗುಣವಾಗಿ ಮೂರರಿಂದ ಏಳು ವರ್ಷಗಳ ನಡುವೆ ಲೈಂಗಿಕ ಪ್ರೌಢಿಮೆ ಬಂದಾಗ ಅದೇ ಹಕ್ಕಿ ಮನೆಯ ಒಬ್ಬರನ್ನು ಜೋಡಿಯೆಂದು ಆರಿಸಿಕೊಂಡು ಉಳಿದವರ ಮೇಲೆ ಎರಗುವುದು, ಪಂಜರದ ಮೂಲೆಯನ್ನು ಗೂಡೆಂದು ಕಾಯುವುದು, ಹಗಲಿಡೀ ಕೂಗುವುದು ಸಾಮಾನ್ಯ. ಬಹುಪಾಲು ಸಾಕಣೆದಾರರ ಧೈರ್ಯ ಕುಸಿಯುವುದು ಈ ಘಟ್ಟದಲ್ಲಿ. ಹದಿನೆಂಟು ವರ್ಷದ ಹಕ್ಕಿಯಾದರೋ ಆ ಘಟ್ಟವನ್ನು ದಾಟಿ ಬಂದಿರುತ್ತದೆ. ಅದರ ದನಿ ಎಷ್ಟು, ಕೋಪ ಯಾವುದಕ್ಕೆ, ಒಲವು ಯಾರ ಕಡೆಗೆ ಎಂಬುದೆಲ್ಲ ನೋಡುವವರಿಗೆ ತಿಳಿಯುವಂತೆಯೇ ಇರುತ್ತದೆ. ಮುಂದೆ ಹೇಗಾಗುವುದೋ ತಿಳಿಯದ ಮರಿಗಿಂತ, ಈಗಾಗಲೇ ಹೀಗಿದೆ ಎಂದು ತಿಳಿದಿರುವ ಹಕ್ಕಿಯು ಸಮಯ ಕಡಿಮೆಯಿರುವ ಮನೆಗೆ ಹೆಚ್ಚು ಹೊಂದುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ದಿನಕ್ಕೆ ಹಲವು ಬಾರಿ ಗುಟುಕು ಬೇಡುವ ಎಳೆಯ ಮರಿಯನ್ನು ಕಚೇರಿಗೆ ಹೋಗುವವರು ತರುವುದಂತೂ ಯಾವ ರೀತಿಯಿಂದಲೂ ಸಲ್ಲದು.

ಹಾಗಿದ್ದರೂ ಪ್ರಶ್ನೆಯ ತಿರುಳು ಏಕಾಂತದ್ದು. ಗಿಳಿಯು ಹಿಂಡಿನ ಜೀವಿ. ಕಾಡಿನಲ್ಲಿ ಅದು ಒಂಟಿಯಾಗಿರುವುದು ಬಹುಮಟ್ಟಿಗೆ ಅಪಾಯದ ಸ್ಥಿತಿ. ಹಾರಾಟ, ಮೇವಿನ ಹುಡುಕಾಟ, ಜೋಡಿಯ ಗರಿ ತೀಡುವಿಕೆ, ಕೂಗಿಗೆ ಮರುಕೂಗು ಇವುಗಳಲ್ಲಿಯೇ ಅದರ ಹಗಲು ಕಳೆಯುತ್ತದೆ, ಮೇವು ಹುಡುಕುವುದಕ್ಕೆ ಮಾತ್ರವೇ ದಿನಕ್ಕೆ ನಾಲ್ಕರಿಂದ ಆರು ಗಂಟೆ ಹಿಡಿಯುವುದುಂಟು. ಪಂಜರದ ಬಟ್ಟಲಿನಲ್ಲಿಟ್ಟ ಕಾಳನ್ನು ತಿಂದು ಮುಗಿಸಲು ಅದಕ್ಕೆ ಸಾಮಾನ್ಯವಾಗಿ ಒಂದು ಗಂಟೆಯೂ ಬೇಕಾಗುವುದಿಲ್ಲ. ಉಳಿದ ಸಮಯವನ್ನು ಅದು ಏನು ಮಾಡಬೇಕು ಎಂಬುದಕ್ಕೆ ಉತ್ತರ ಸಿಗದಿದ್ದಾಗ ಹುಟ್ಟುವ ವಿಕಾರಗಳಲ್ಲಿ ಗರಿ ಕೀಳುವುದು ಎಲ್ಲರ ಕಣ್ಣಿಗೂ ಬೀಳುವಂಥದು: ಕೊಕ್ಕು ತಲುಪುವ ಎದೆ, ತೊಡೆ, ರೆಕ್ಕೆಯಡಿಯ ಗರಿಗಳನ್ನು ಹಕ್ಕಿ ತಾನೇ ಕಿತ್ತು ಬೋಳು ಮಾಡಿಕೊಳ್ಳುತ್ತದೆ, ಕೆಲವೊಮ್ಮೆ ಚರ್ಮವನ್ನೂ ಕಚ್ಚಿ ಗಾಯ ಮಾಡಿಕೊಳ್ಳುತ್ತದೆ. ತಲೆಯ ಗರಿ ಮಾತ್ರ ಹಾಗೆಯೇ ಉಳಿದಿದ್ದರೆ ಅದು ಸ್ವಂತ ಕೊಕ್ಕಿನ ಕೆಲಸವೆಂದು ತಿಳಿಯಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಅಮೆಜಾನ್ ಎಂಬ ಇನ್ನೊಂದು ಬಗೆಯ ಎಳೆಯ ಗಿಳಿಗಳ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನವು, ಆಹಾರವನ್ನು ಹುಡುಕಿ, ಬಿಡಿಸಿ ತಿನ್ನುವ ಅವಕಾಶ ಕೊಟ್ಟಾಗ ಈ ಚಟ ತಗ್ಗುತ್ತದೆಂದು ತೋರಿಸಿತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರ 2021ರ ಹೋಲಿಕೆಯು ಇದಕ್ಕೆ ಇನ್ನೊಂದು ಆಯಾಮ ಕೊಟ್ಟಿತು: ಕಾಡಿನಲ್ಲಿ ಸಿಪ್ಪೆ ಸುಲಿದು, ಓಡು ಒಡೆದು ತಿನ್ನಬೇಕಾದ ಆಹಾರವನ್ನು ನೆಚ್ಚಿದ ಜಾತಿಗಳಲ್ಲಿ ಗರಿ ಕೀಳುವಿಕೆ ಹೆಚ್ಚು, ಮೈಗಾತ್ರಕ್ಕೆ ಹೋಲಿಸಿದಾಗ ಮಿದುಳು ದೊಡ್ಡದಾಗಿರುವ ಜಾತಿಗಳಲ್ಲಿ ಒಂದೇ ಚಲನೆಯನ್ನು ಮರಳಿ ಮರಳಿ ಮಾಡುವ ಗೀಳು ಹೆಚ್ಚು.

ಒಂಟಿತನದ ಪರಿಣಾಮವನ್ನು ಜೀವಕೋಶದ ಮಟ್ಟದಲ್ಲಿಯೇ ಅಳೆದ ಪ್ರಯತ್ನವೊಂದು ಇಲ್ಲಿ ವಿಶೇಷವಾಗಿ ಗಮನಾರ್ಹವಾಗಿದೆ. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ರಕ್ಷಕ ಭಾಗವಿರುತ್ತದೆ. ಕೋಶ ವಿಭಜನೆಯಾದಂತೆಲ್ಲ ಅದು ಸವೆಯುತ್ತದೆ, ಒತ್ತಡದಿಂದ ಇನ್ನೂ ಬೇಗ ಸವೆಯುತ್ತದೆ. ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದಂತೆ, ಒಂಟಿಯಾಗಿಟ್ಟ ಒಂಬತ್ತು ವರ್ಷದ ಬೂದು ಗಿಳಿಗಳ ಟೆಲೊಮಿಯರ್‌ಗಳು, ಜೊತೆಗಾರ ಹಕ್ಕಿಯೊಡನೆ ಇದ್ದು ಅವುಗಳಿಗಿಂತ 23 ವರ್ಷ ಹಿರಿಯವಾದ ಗಿಳಿಗಳ ಟೆಲೊಮಿಯರ್‌ಗಳಷ್ಟು ಗಿಡ್ಡವಾಗಿದ್ದವು. ಇದನ್ನು ಓದಿದವರು ಒಂಟಿ ಗಿಳಿಯ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಗಿಳಿಯ ಬುದ್ಧಿಯನ್ನೂ ಇಲ್ಲಿ ನೆನೆಯಬೇಕು: ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಸಾಕುಪ್ರಾಣಿ ಅಂಗಡಿಯಿಂದ ಕೊಂಡು ತಂದು ಮೂವತ್ತು ವರ್ಷ ಕಲಿಸಿದ ಅಲೆಕ್ಸ್ ಎಂಬ ಬೂದು ಗಿಳಿಯು ನೂರಕ್ಕೂ ಹೆಚ್ಚು ಪದಗಳನ್ನು ಬಳಸುತ್ತಿತ್ತು. ವಸ್ತುವಿನ ಬಣ್ಣ, ಆಕಾರ, ಸಂಖ್ಯೆಗಳನ್ನು ಬೇರೆಬೇರೆಯಾಗಿ ಗುರುತಿಸಿ ಹೇಳುತ್ತಿತ್ತು. ಅಂಥ ಮನಸ್ಸುಳ್ಳ ಜೀವಿಯನ್ನು ಬರಿಯ ಪಂಜರದಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡು ಹೋಗುವುದು ಕ್ರೌರ್ಯವೇ ಸರಿ.

ಆದರೆ ಉದ್ಯೋಗಸ್ಥರೆಲ್ಲರೂ ಹಕ್ಕಿಯನ್ನು ಈ ಕ್ರೌರ್ಯಕ್ಕೆ ಗುರಿಮಾಡುತ್ತಾರೆಂದು ಹೇಳುವಂತಿಲ್ಲ. ದಿನವಿಡೀ ಜನರಿರುವ ಮನೆಯಲ್ಲಿಯೂ ಯಾರೂ ಮಾತಾಡಿಸದ ಗಿಳಿ ಒಂಟಿಯೇ. ನಿಜವಾದ ತೊಡಕು ಬೇರೊಂದು ಕಡೆಯಿದೆ, ಅದನ್ನು ದತ್ತು ಪಡೆಯುವವರು ಮೊದಲೇ ಲೆಕ್ಕ ಹಾಕುವುದು ಕಡಿಮೆ. ಬಹುಪಾಲು ಸಮಭಾಜಕ ವೃತ್ತದ ಆಸುಪಾಸಿನಿಂದ ಬಂದ ಈ ಹಕ್ಕಿಗಳಿಗೆ ವರ್ಷವಿಡೀ ಸುಮಾರು ಹನ್ನೆರಡು ಗಂಟೆಯ ಕತ್ತಲೆ ರೂಢಿಯಾದುದು. ಸಾಕಿದ ಹಕ್ಕಿಗೂ ಹತ್ತರಿಂದ ಹನ್ನೆರಡು ಗಂಟೆ ಅಡೆತಡೆಯಿಲ್ಲದ ನಿದ್ದೆ ಬೇಕು, ಅದು ಕಡಿಮೆಯಾದರೆ ಸಿಡುಕು, ಕೂಗು, ಗರಿ ಕೀಳುವಿಕೆ ಎಲ್ಲವೂ ಹೆಚ್ಚುತ್ತವೆ. ಬೆಳಿಗ್ಗೆ ಎಂಟೂವರೆಗೆ ಹೊರಟು ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಸಿಲುಕಿ ಸಂಜೆ ಏಳೂವರೆಗೆ ಮನೆ ಸೇರುವವರಿಗೆ ಬಿಡುವಾಗುವ ಹೊತ್ತಿಗೆ ಹಕ್ಕಿಯ ರಾತ್ರಿ ಶುರುವಾಗಿರುತ್ತದೆ. ಒಡೆಯರ ಸಂಜೆಯೂ ಹಕ್ಕಿಯ ರಾತ್ರಿಯೂ ಒಂದರ ಮೇಲೊಂದು ಬೀಳುವ ಈ ಸಮಸ್ಯೆಗೆ ಪರಿಹಾರವಿಲ್ಲದೆ ಇಲ್ಲ. ದಪ್ಪ ಪರದೆಯಿಂದ ಕತ್ತಲಾಗಿಸಿದ, ಟೀವಿಯ ಸದ್ದು ತಲುಪದ ಪ್ರತ್ಯೇಕ ಕೋಣೆಯಲ್ಲಿ ಮಲಗುವ ಪಂಜರವನ್ನಿಟ್ಟು, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಹಕ್ಕಿಯ ರಾತ್ರಿಯೆಂದು ನಿಗದಿ ಮಾಡಿ, ಅದನ್ನು ಭಾನುವಾರವೂ ಬದಲಿಸದೆ ಪಾಲಿಸಿದರೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಜೊತೆಗಿರಲು ದೊರೆಯುತ್ತದೆ. ಒಂದು ಕೋಣೆಯ ಮನೆಯಲ್ಲಿ, ಮಧ್ಯರಾತ್ರಿಯವರೆಗೆ ದೀಪ ಉರಿಯುವ ಕುಟುಂಬದಲ್ಲಿ ಇದು ಆಗದ ಮಾತು. ಪಾಳಿಗಳು ವಾರವಾರಕ್ಕೂ ಬದಲಾಗುವ ನೌಕರಿಯಲ್ಲಿಯೂ ಅಷ್ಟೇ; ಉದ್ದನೆಯ ಕೆಲಸದ ಹೊತ್ತಿಗಿಂತ ಅನಿಶ್ಚಿತ ಹೊತ್ತು ಈ ಹಕ್ಕಿಗಳನ್ನು ಹೆಚ್ಚು ಕಂಗೆಡಿಸುತ್ತದೆ.

ಮನೆಯಲ್ಲಿ ಯಾರೂ ಇಲ್ಲದ ಹಗಲನ್ನು ತುಂಬುವುದು ಮುಂದಿನ ಕೆಲಸ. ಎದುರಿಗೆ ಬಟ್ಟಲಲ್ಲಿ ಆಹಾರ ಸುಲಭವಾಗಿ ಸಿಗುತ್ತಿದ್ದರೂ ಅದನ್ನು ಬಿಟ್ಟು ದುಡಿದು ಪಡೆಯುವ ಆಹಾರದತ್ತ ಹೋಗುವ ಪ್ರವೃತ್ತಿ ಗಿಳಿಗಳಲ್ಲಿ ಕಂಡುಬಂದಿದೆ. ಇದನ್ನೇ ಬಳಸಿಕೊಂಡು, ದಿನದ ಆಹಾರದ ಒಂದು ಭಾಗವನ್ನು ತೆಂಗಿನ ಚಿಪ್ಪಿನೊಳಗೆ, ಕಾಗದದ ಪೊಟ್ಟಣದಲ್ಲಿ, ಅಡಿಕೆ ಹಾಳೆಯ ಮಡಿಕೆಯಲ್ಲಿ, ಒಣ ಜೋಳದ ಸಿಪ್ಪೆಯ ಕಟ್ಟಿನಲ್ಲಿ ಅಡಗಿಸಿಟ್ಟು ಹೋಗಬೇಕು. ಕೀಟನಾಶಕ ಸೋಕದ ಸೀಬೆಯ ಕೊಂಬೆಗಳನ್ನು ಸಿಗಿಯಲು ಕೊಡಬೇಕು. ಇವನ್ನೆಲ್ಲ ಹಕ್ಕಿ ಪುಡಿಪುಡಿ ಮಾಡುತ್ತದೆ, ಮಾಡಲೆಂದೇ ಕೊಡುವುದು. ಆದರೆ ಬದುಕಿಡೀ ಬಟ್ಟಲಿನಿಂದಲೇ ತಿಂದ ಇಪ್ಪತ್ತು ವರ್ಷದ ಹಕ್ಕಿ ಮೊದಲ ದಿನವೇ ಪೊಟ್ಟಣ ಹರಿಯುವುದಿಲ್ಲ, ಹೊಸ ವಸ್ತುವನ್ನು ಕಂಡು ಹೆದರಿ ಹಸಿದುಕೊಂಡೇ ಇರಬಹುದು. ಹಾಗಾಗಿ ಕೆಲವು ವಾರ ಎದುರಲ್ಲೇ ಕೂತು, ಅರ್ಧ ತೆರೆದ ಪೊಟ್ಟಣದಿಂದ ಆರಂಭಿಸಿ ಕಲಿಸಬೇಕು. ರೇಡಿಯೊ ಹಚ್ಚಿಟ್ಟರೆ ಮನೆಯ ಮೌನ ಮುರಿಯುತ್ತದೆ, ಅದಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲ. ಗಿಳಿಗಳಿಗೆ ಪರಸ್ಪರ ವೀಡಿಯೊ ಕರೆ ಮಾಡಲು ಕಲಿಸಿದ, ಅಮೆರಿಕ ಮತ್ತು ಸ್ಕಾಟ್‌ಲೆಂಡಿನ ಸಂಶೋಧಕರ 2023ರ ಅಧ್ಯಯನವು ಹಕ್ಕಿಗಳು ತಮಗೆ ಬೇಕಾದ ಗೆಳೆಯರನ್ನು ಆರಿಸಿ ಕರೆಯುತ್ತಿದ್ದುದನ್ನು ದಾಖಲಿಸಿತು. ಆದರೆ ಅಲ್ಲಿ ಪ್ರತಿ ಕರೆಯ ವೇಳೆಯಲ್ಲೂ ಸಾಕಿದವರು ಪಕ್ಕದಲ್ಲಿದ್ದು ಗಮನಿಸುತ್ತಿದ್ದರು ಎಂಬುದನ್ನು ಮರೆಯಬಾರದು.

ಜೊತೆಗೆ ಇನ್ನೊಂದು ಗಿಳಿ ತಂದರಾಯಿತು ಎಂಬ ಸಲಹೆಯೂ ಸುಲಭವಾಗಿ ಕೇಳಿಬರುತ್ತದೆ. ಎಳವೆಯಿಂದ ಮನುಷ್ಯರನ್ನೇ ಕಂಡು ಬೆಳೆದ ಹಕ್ಕಿಗೆ ಇನ್ನೊಂದು ಗಿಳಿ ಅಪರಿಚಿತ ಪ್ರಾಣಿ. ಎರಡೂ ಒಂದಾಗಬಹುದು, ಬೇರೆ ಬೇರೆ ಪಂಜರಗಳಲ್ಲಿ ಪರಸ್ಪರ ನೋಡಿಕೊಂಡು ಇರಬಹುದು, ಬೆರಳು ಕತ್ತರಿಸುವಂತೆ ಕಾದಾಡಲೂಬಹುದು. ಒಟ್ಟಿಗೇ ಬದುಕಿ ಬಂದ ಜೋಡಿಯೊಂದು ದತ್ತಿಗೆ ದೊರೆತರೆ ಮಾತ್ರ ಉದ್ಯೋಗಸ್ಥರು ಎರಡನ್ನೂ ಕೂಡಿ ತರುವುದು ಒಂಟಿ ಹಕ್ಕಿಯನ್ನು ತರುವುದಕ್ಕಿಂತ ಉತ್ತಮ. ಅಂಥ ಜೋಡಿ ಮನುಷ್ಯರ ಹೆಗಲೇರದಿರಬಹುದು, ಆದರೆ ಎರಡೂ ಹಗಲನ್ನು ಒಂದಕ್ಕೊಂದು ಜೊತೆಯಾಗಿ ಕಳೆಯುತ್ತವೆ.

ಜಾತಿಯ ಆಯ್ಕೆಯಲ್ಲಿ ದಾಕ್ಷಿಣ್ಯ ಸಲ್ಲದು. ಬಿಳಿ ಕಾಕಟೂ ಮತ್ತು ಮೊಲುಕ್ಕನ್ ಕಾಕಟೂಗಳು ಮೈಗೆ ಮೈ ತಾಗಿಸಿಕೊಂಡಿರಲು ಬಯಸುವ ಹಕ್ಕಿಗಳು. ಅವುಗಳ ಕೂಗು ನೂರು ಡೆಸಿಬೆಲ್ ದಾಟುತ್ತದೆ, ಒಂಟಿತನ ಅವುಗಳಲ್ಲಿ ಸ್ವಂತ ಎದೆಯ ಮಾಂಸ ಕಚ್ಚಿಕೊಳ್ಳುವಷ್ಟು ಉಗ್ರವಾಗಬಹುದು. ಒಬ್ಬರೇ ವಾಸಿಸುವ, ಪೂರ್ಣಾವಧಿ ದುಡಿಯುವ ವ್ಯಕ್ತಿ ಕಾಕಟೂವನ್ನು ದತ್ತು ಪಡೆಯಬಾರದು. ಬೂದು ಗಿಳಿಯು ದನಿಯಲ್ಲಿ ಸೌಮ್ಯ, ಆದರೆ ಬದಲಾವಣೆಗೆ ಬಹುಬೇಗ ಬೆದರುವ ಹಕ್ಕಿ. ಅಮೆಜಾನ್ ಗಿಳಿ ತಾನೇ ಆಡಿಕೊಂಡಿರಬಲ್ಲದು, ಸಿಟ್ಟು ಬಂದಾಗ ಕಣ್ಣಿನ ಪಾಪೆ ಕಿರಿದು ಹಿರಿದಾಗಿ ಬಾಲ ಬೀಸಣಿಗೆಯಾಗುವುದರಿಂದ ಎಚ್ಚರಿಕೆ ಮೊದಲೇ ಸಿಗುತ್ತದೆ. ಉದ್ಯೋಗಸ್ಥರ ಮನೆಗೆ ಇದು ಉಳಿದವುಗಳಿಗಿಂತ ಹೆಚ್ಚು ಹೊಂದೀತು. ಮಕಾವ್‌ಗೆ ರೆಕ್ಕೆ ಬಿಚ್ಚಿ ಬಡಿಯುವಷ್ಟು ಅಗಲದ ಪಂಜರ, ದಿನವೂ ಅದರಿಂದ ಹೊರಗಿರುವ ಜಾಗ ಬೇಕಾದುದರಿಂದ ಫ್ಲ್ಯಾಟಿನ ವಾಸಕ್ಕೆ ಅದು ತಕ್ಕುದಲ್ಲ.

ಕನ್ನಡ ಮನೆಗಳ ಕೆಲವು ರೂಢಿಗಳು ಗಿಳಿಯ ಪ್ರಾಣಕ್ಕೇ ಎರವಾಗಬಲ್ಲವು. ಹಕ್ಕಿಗಳ ಶ್ವಾಸಾಂಗದಲ್ಲಿ ಪುಪ್ಪುಸದ ಜೊತೆಗೆ ಗಾಳಿಚೀಲಗಳಿದ್ದು, ಉಸಿರು ಒಂದೇ ದಿಕ್ಕಿನಲ್ಲಿ ಪುಪ್ಪುಸದ ಮೂಲಕ ಹರಿಯುವುದರಿಂದ ಗಾಳಿಯಲ್ಲಿನ ಆಮ್ಲಜನಕದಂತೆಯೇ ವಿಷವೂ ಅವುಗಳ ರಕ್ತವನ್ನು ಬೇಗ ಸೇರುತ್ತದೆ. ಒಲೆಯ ಮೇಲೆ ಮರೆತು ಅತಿಯಾಗಿ ಕಾದ ನಾನ್‌ಸ್ಟಿಕ್ ಕಾವಲಿಯ ಹೊಗೆ, ಮನುಷ್ಯರಿಗೆ ಅರಿವಾಗುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಊದುಬತ್ತಿ, ಧೂಪ, ಕರ್ಪೂರ, ಸೊಳ್ಳೆಬತ್ತಿಗಳನ್ನು ಗಿಳಿಯಿರುವ ಕೋಣೆಯಿಂದ ದೂರವಿಡಲೇಬೇಕು. ತಿರುಗುವ ಫ್ಯಾನು ಹಾರುವ ಹಕ್ಕಿಗೆ ಮೃತ್ಯು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ವಿಷ; ಹಸಿಮೆಣಸಿನಕಾಯಿ ಮಾತ್ರ ನಿರಪಾಯಕಾರಿ, ಏಕೆಂದರೆ ಅದರ ಖಾರ ಹಕ್ಕಿಗಳಿಗೆ ತಟ್ಟುವುದಿಲ್ಲ. ಬೂದು ಗಿಳಿ ಮತ್ತು ಕಾಕಟೂಗಳ ಗರಿಯಿಂದ ನಿರಂತರವಾಗಿ ಉದುರುವ ನಯವಾದ ಪುಡಿಯು ಉಬ್ಬಸವಿರುವವರಿಗೆ ತೊಂದರೆ ಕೊಡುವುದರಿಂದ ಮನೆಯವರ ಆರೋಗ್ಯವನ್ನೂ ಈ ಹಂತದಲ್ಲಿಯೇ ಯೋಚಿಸಬೇಕು.

ವರ್ಷಗಟ್ಟಲೆ ಸೂರ್ಯಕಾಂತಿ ಬೀಜ ಮತ್ತು ಕಡಲೆಕಾಯಿಯನ್ನೇ ತಿಂದು ಬಂದ ಹಕ್ಕಿಯಲ್ಲಿ ಎ ಜೀವಸತ್ವದ ಕೊರತೆ, ಯಕೃತ್ತಿನ ಕೊಬ್ಬು, ರಕ್ತನಾಳಗಳ ಗೋಡೆ ಗಡುಸಾಗುವ ರೋಗ ಇವು ಹೊರಗೆ ಕಾಣದೆ ಬೆಳೆದಿರುತ್ತವೆ. ಬೂದು ಗಿಳಿಗಳಲ್ಲಿ ಸುಣ್ಣದಂಶ ಕುಸಿದು ಸೆಳೆತ ಬರುವುದೂ ಉಂಟು. ಮುದಿ ಹಕ್ಕಿಗೆ ಸಂಧಿವಾತ, ಕಣ್ಣಿನ ಪೊರೆ ಬಂದಾಗ ಕೋಲುಗಳನ್ನು ತಗ್ಗಿಸಿ, ಮೆತ್ತಗಿನ ಹಗ್ಗ ಸುತ್ತಿ ಪಂಜರವನ್ನೇ ಬದಲಿಸಬೇಕಾಗುತ್ತದೆ. ಗಿಳಿಗಳು ಕಾಯಿಲೆಯನ್ನು ಕೊನೆಯವರೆಗೂ ಮರೆಮಾಚುತ್ತವಾದ್ದರಿಂದ ರಕ್ತಪರೀಕ್ಷೆ, ಗರಿ ಮತ್ತು ಕೊಕ್ಕನ್ನು ಹಾಳುಗೆಡಹುವ ವೈರಸ್ಸಿನ ಪರೀಕ್ಷೆ, ಮನುಷ್ಯರಿಗೂ ತಗಲಿ ನ್ಯುಮೋನಿಯಾ ತರಬಲ್ಲ ಸಿಟಕೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆ ಇವು ಮುಗಿಯದೆ ಹಕ್ಕಿಯನ್ನು ಒಪ್ಪಿಕೊಳ್ಳಬಾರದು. ಪಶುವೈದ್ಯರೆಲ್ಲರೂ ಪಕ್ಷಿ ಚಿಕಿತ್ಸೆಯಲ್ಲಿ ಪಳಗಿದವರಲ್ಲ. ಪಳಗಿದವರು ಮನೆಯಿಂದ ಎಷ್ಟು ದೂರದಲ್ಲಿದ್ದಾರೆ, ಕೆಲಸದ ದಿನ ಹಕ್ಕಿ ಕುಸಿದುಬಿದ್ದರೆ ಅಲ್ಲಿಗೆ ಒಯ್ಯುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಆಹಾರ ಬದಲಾವಣೆಯನ್ನೂ ತೂಕ ನೋಡುತ್ತಾ ನಿಧಾನವಾಗಿ ಮಾಡಬೇಕು. ಮೊಳಕೆ ಕಾಳು, ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳದಂಥ ಸಾಮಾನ್ಯ ಪದಾರ್ಥಗಳೇ ಪೆಲೆಟ್ ಎಂಬ ಸಮತೋಲಿತ ಗುಳಿಗೆಯ ಆಹಾರದೊಡನೆ ಸಾಕಾಗುತ್ತವೆ.

ಕಾನೂನಿನ ಮಾತು ಚಿಕ್ಕದಾದರೂ ಕಡ್ಡಾಯವಾದುದು. ನಮ್ಮ ತೋಟ ಬಯಲುಗಳ ಹಸಿರು ಗಿಳಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದ್ದರಿಂದ ಅವುಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಬಹುಪಾಲು ವಿದೇಶಿ ಗಿಳಿಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದ್ದು, ಬೂದು ಗಿಳಿಯನ್ನು 2016ರ ಜೋಹಾನ್ಸ್‌ಬರ್ಗ್ ಸಮ್ಮೇಳನ ಅತಿ ಕಟ್ಟುನಿಟ್ಟಿನ ಮೊದಲನೆಯ ಅನುಬಂಧಕ್ಕೆ ಸೇರಿಸಿತು. 2022ರಲ್ಲಿ ತಿದ್ದುಪಡಿಯಾದ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಹಕ್ಕಿಯ ವಿವರವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಒಡೆತನದ ವರ್ಗಾವಣೆಯನ್ನೂ ಸಾವನ್ನೂ ತಿಳಿಸಬೇಕು. ಹಳೆಯ ಒಡೆಯರ ಬಳಿ ಕಾಗದಪತ್ರವೇ ಇಲ್ಲದಿದ್ದರೆ, ಎಷ್ಟೇ ಕನಿಕರವಿದ್ದರೂ, ಅರಣ್ಯ ಇಲಾಖೆಯನ್ನು ವಿಚಾರಿಸದೆ ಹಕ್ಕಿಯನ್ನು ಕೈಗೆತ್ತಿಕೊಳ್ಳಬಾರದು.

ತೀರ್ಮಾನವನ್ನು ಒಂದು ಭೇಟಿಯಲ್ಲಿ ಮಾಡುವಂತಿಲ್ಲ. ಹಕ್ಕಿ ಈಗಿರುವ ಮನೆಗೆ ಹಲವು ವಾರ, ಮುಖ್ಯವಾಗಿ ಕೆಲಸದ ದಿನಗಳ ಸಂಜೆ ಹೋಗಿ ಕೂತು, ಮುಟ್ಟಲು ಆತುರಪಡದೆ, ಅದು ತಾನಾಗಿ ಹತ್ತಿರ ಬರುವುದೇ ಎಂದು ನೋಡಬೇಕು. ಅದು ಈಗ ದಿನಕ್ಕೆ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ಆಗ ಏನು ಮಾಡುತ್ತದೆ ಎಂಬುದು ಕೇಳಬೇಕಾದ ಎಲ್ಲ ಪ್ರಶ್ನೆಗಳಲ್ಲಿ ಮೊದಲನೆಯದು. ಹಗಲು ಒಂಟಿಯಾಗಿರಲು ಈಗಾಗಲೇ ಹೊಂದಿಕೊಂಡ ಹಕ್ಕಿಗೂ, ನಿವೃತ್ತ ದಂಪತಿಗಳ ಭುಜದ ಮೇಲೆಯೇ ಹತ್ತು ವರ್ಷ ಕಳೆದ ಹಕ್ಕಿಗೂ ಅಜಗಜಾಂತರವಿದೆ. ಎರಡನೆಯದನ್ನು ಖಾಲಿ ಮನೆಗೆ ಒಯ್ಯುವುದು ತಪ್ಪು. ಗರಿ ಕಿತ್ತುಕೊಂಡ ಹಕ್ಕಿಯನ್ನು ನೋಡಿದ ಕೂಡಲೇ ತಿರಸ್ಕರಿಸಬೇಕಾಗಿಲ್ಲ, ಏಕೆಂದರೆ ಬೋಳು ಮೈ ಈಗಿನ ಸಂಕಟದ ಗುರುತೇ ಆಗಿರಬೇಕಿಲ್ಲ: ಕಾರಣ ನಿವಾರಣೆಯಾದರೂ ಚಟ ಉಳಿಯಬಹುದು, ಗರಿಯ ಬೇರು ಕೆಟ್ಟಿದ್ದರೆ ಹೊಸ ಗರಿ ಬಾರದೆಯೂ ಇರಬಹುದು. ಬೋಳೆದೆಯ ಹಕ್ಕಿಯೂ ನೆಮ್ಮದಿಯಾಗಿ ಬದುಕಬಲ್ಲದು. ಒಡೆಯರು ಒಪ್ಪಿದರೆ ಎರಡು ಮೂರು ತಿಂಗಳು ತಾತ್ಕಾಲಿಕವಾಗಿ ಸಾಕಿ ನೋಡುವುದು ಎಲ್ಲಕ್ಕಿಂತ ಪ್ರಾಮಾಣಿಕ ಪರೀಕ್ಷೆ. ಆ ಅವಧಿಯಲ್ಲಿ ರಜೆ ಹಾಕಿ ಹಕ್ಕಿಯೊಡನೆ ಕೂರದೆ, ಎಂದಿನಂತೆ ಕೆಲಸಕ್ಕೆ ಹೋಗಿಬರಬೇಕು. ಸಾಕುವವರು ಇಲ್ಲವಾದರೆ ಹಕ್ಕಿ ಯಾರ ಪಾಲಿಗೆ ಎಂಬುದನ್ನು ಬರವಣಿಗೆಯಲ್ಲಿಡುವುದೂ ದತ್ತಿನ ಭಾಗವೇ.

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ, ಹಕ್ಕಿಗೆ ಕತ್ತಲೆಯ ಕೋಣೆ, ಊರಲ್ಲಿ ಪಕ್ಷಿವೈದ್ಯರು, ತಾವು ಊರಲ್ಲಿಲ್ಲದಾಗ ನೋಡಿಕೊಳ್ಳುವ ಇನ್ನೊಬ್ಬರು, ಇವಿಷ್ಟೂ ವರ್ಷಗಳವರೆಗೆ ಖಚಿತವಾಗಿ ಇರುವ ಉದ್ಯೋಗಸ್ಥರು ಪ್ರೌಢ ಗಿಳಿಯನ್ನು ಧೈರ್ಯವಾಗಿ ದತ್ತು ಪಡೆಯಬಹುದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಈಗ ಬೇಡವೆನ್ನುವುದೇ ಸರಿ. ದತ್ತು ಪಡೆಯಲು ಅರ್ಹರಾದವರು ಅಂಗಡಿಯಿಂದ ಹೊಸ ಮರಿಯನ್ನು ಕೊಳ್ಳದೆ, ಮನೆ ಕಳೆದುಕೊಂಡ ಈ ಹಕ್ಕಿಗಳತ್ತ ಮೊದಲು ನೋಡಬೇಕು.